ಬಲೆ ಒಣಗಿದ ಕಾಲ

ಪ್ರಳಯಜಲದಲ್ಲಿ ಮೀನಾಗಿ ಮೈದಾಳಿ, ಜೀವರಾಶಿಯ ದೋಣಿಯನ್ನು ತನ್ನ ಕೊಂಬಿಗೆ ಕಟ್ಟಿಸಿಕೊಂಡು ದಡ ಮುಟ್ಟಿಸಿದ ಸ್ವಾಮಿಗೆ ನಮಸ್ಕಾರ. ಶಿವನ ಜಡೆಯಲ್ಲಿ ನಿಲ್ಲದೆ ಇಳಿದು ಹರಿದು, ಬಡವನ ಬೊಗಸೆಗೆ ಎಟಕುವಂತೆ ಊರ ಕೆರೆಯಲ್ಲಿ ನೆಲೆಗೊಂಡ ಗಂಗಮ್ಮನಿಗೆ ನಮಸ್ಕಾರ. ಅವಳ ದಡದಲ್ಲಿ ನಡೆದುದನ್ನು ನಡೆದಂತೆ ಹೇಳುವ ಬಲವನ್ನು ಅವಳೇ ನಾಲಗೆಗೆ ಕೊಡಲಿ.

ಮಧುರೆ ಹೋಬಳಿಯ ಹೊಂಗೆಕೆರೆಯಲ್ಲಿ ಯುಗಾದಿ ಕಳೆದ ವಾರವೇ ಮುನಿಲಕ್ಷ್ಮಮ್ಮ ತೀರಿಕೊಂಡಳು. ಜ್ವರ ಬಂದಿತ್ತು, ಇಳಿಯಲಿಲ್ಲ. ಅವಳ ಗಂಡ ಪಿಳ್ಳಪ್ಪ ಮಣ್ಣು ಮಾಡಿ ಬಂದು ಸ್ನಾನ ಮಾಡಿದ. ಜಗಲಿಯ ಗೂಟದಲ್ಲಿದ್ದ ಬಲೆಯನ್ನು ತೆಗೆದು ಸೂರಿನ ತೊಲೆಗೆ, ಕೈಗೆ ಸಿಗದಷ್ಟು ಎತ್ತರದಲ್ಲಿ, ಕಟ್ಟಿದ. ಹರಿಗೋಲನ್ನು ಅಂಗಳದಲ್ಲಿ ಬೋರಲು ಹಾಕಿದ. ಆಮೇಲೆ ಅವನಿಗೆ ಕೆಲಸವಿರಲಿಲ್ಲ.

ಏರಿಯ ಕೆಳಗಿರುವ ಬೆಸ್ತರ ನಾಲ್ಕು ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಕಟ್ಟು ಅದು. ಸಾವಾದರೆ ಬಲೆ ಒಣಗಬೇಕು. ಭಾದ್ರಪದದ ಮಹಾಲಯ ಅಮಾವಾಸ್ಯೆಯವರೆಗೆ ನಾಲ್ಕು ಮನೆಯವರೂ ಕೆರೆಗೆ ಇಳಿಯುವುದಿಲ್ಲ. ಆ ದಿನ ಸತ್ತವರ ಹತ್ತಿರದವರು ಬಲೆ ತೋಯಿಸಿ, ಮೊದಲ ಮೀನನ್ನು ತಂದು, ಅಡುಗೆ ಮಾಡಿಸಿ ಎಡೆ ಇಡಬೇಕು. ಎಡೆಯಾದ ಮೇಲೆಯೇ ಸೂತಕ ಕಳೆಯುವುದು. ಹೋದ ಜೀವ ಆಚೆ ದಡ ಸೇರುವುದು. ಅಲ್ಲಿಯವರೆಗೆ ಬಲೆ ಏಕೆ ಒಣಗಿದೆ ಎಂಬುದನ್ನು ಬಾಯಿಬಿಟ್ಟು ಯಾರಿಗೂ ಹೇಳಕೂಡದು. ಹೇಳಿದರೆ ನೀರು ಕೇಳಿಸಿಕೊಳ್ಳುತ್ತದೆ, ಆ ನಾಲ್ಕು ಮನೆಗಳಿಂದಲೇ ಇನ್ನೊಂದು ಜೀವವನ್ನು ಬೇಡುತ್ತದೆ ಎಂಬುದು ಅವರ ನಂಬಿಕೆ.

ಪಿಳ್ಳಪ್ಪನಿಗೆ ಮಕ್ಕಳಿರಲಿಲ್ಲ. ಉಳಿದ ಮೂರು ಮನೆಗಳ ಗಂಡಸರು ಈಗಾಗಲೇ ಕೆರೆ ಬಿಟ್ಟು ಗೋದಾಮು, ಕಾರ್ಖಾನೆ ಎಂದು ಸೇರಿಕೊಂಡಿದ್ದರು. ಬಿಡುವಿದ್ದಾಗ ಮಾತ್ರ ಗಾಳ ಹಾಕುತ್ತಿದ್ದರು. ಹರಿಗೋಲು ಉಳಿದದ್ದು ಇವನೊಬ್ಬನಲ್ಲಿ. ಹೊಟ್ಟೆಗೆ ಬೇಕಲ್ಲ, ದಿನವೂ ಮುಂಜಾನೆಯ ಬಸ್ಸು ಹತ್ತಿ ದೊಡ್ಡಬಳ್ಳಾಪುರಕ್ಕೆ ಹೋಗತೊಡಗಿದ. ಮಗ್ಗದ ಶೆಡ್ಡುಗಳಿಗೆ ನೂಲಿನ ಮೂಟೆ ಹೊರುವ ಕೆಲಸ. ಮಗ್ಗಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅದು ಅವನಿಗೆ ಒಗ್ಗಿತು. ಸಂಜೆ ಮರಳಿದರೆ ಮನೆಯಲ್ಲಿ ಮಾತಿಲ್ಲ. ಮೀನಿನ ವಾಸನೆ ಹೋದ ಮೇಲೆ ದಿನವೂ ಬಾಗಿಲಿಗೆ ಬರುತ್ತಿದ್ದ ಬೆಕ್ಕು ಕೂಡ ಬರುವುದನ್ನು ಬಿಟ್ಟಿತು. ಪಕ್ಕದ ಮನೆಯ ನರಸಮ್ಮ, ತೀರಿಹೋದ ಅಣ್ಣನ ಹೆಂಡತಿ, ಮುದ್ದೆ ತಂದು ಇಟ್ಟು ಹೋಗುತ್ತಿದ್ದಳು.

"ಉಣ್ಣಪ್ಪಾ. ನೋಡ್ಕೊಂಡು ಕೂತ್ರೆ ಮುದ್ದೆ ತಾನಾಗಿ ಗಂಟಲಿಗಿಳಿಯಲ್ಲ."

"ಉಣ್ತೀನಿ ಅತ್ತಿಗೆ."

"ನೆನ್ನೇನೂ ಇದೇ ಅಂದೆ. ಬೆಳಗ್ಗೆ ನಾಯಿಗೆ ಹಾಕಿದ್ದೆ. ನಾಯಿ ದಪ್ಪ ಆಗ್ತಾ ಐತೆ, ನೀನು ಕಡ್ಡಿ ಆಗ್ತಾ ಇದೀಯ."

ಇಂಥ ಕಾಲದಲ್ಲಿಯೇ ಮೇಘನ ಎಂಬ ಹುಡುಗಿ ಊರಿಗೆ ಬಂದಳು. ಬೆಂಗಳೂರಿನ ಒಂದು ಅಧ್ಯಯನ ಸಂಸ್ಥೆಯವಳು. ಅವಳ ಮೇಲಧಿಕಾರಿ ನಂದಕುಮಾರ್, ಕರಾವಳಿಯ ಸಮುದ್ರಕ್ಕೆಂದು ಗಣಕಯಂತ್ರದಲ್ಲಿ ಒಂದು ಮಾದರಿಯನ್ನು ಕಟ್ಟಿದ್ದ. ಕಡಲಿನ ಒಂದು ಭಾಗದಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿದರೆ ಮೀನು ಎಷ್ಟು ಹೆಚ್ಚುತ್ತದೆ, ಹಕ್ಕಿ ಎಷ್ಟು ಬರುತ್ತದೆ, ನೀರು ಎಷ್ಟು ತಿಳಿಯಾಗುತ್ತದೆ, ಇದೆಲ್ಲದರಿಂದ ಜನರಿಗೆ ಏನೇನು ಸೇವೆ ಸಿಗುತ್ತದೆ ಎಂದು ಅದು ಮುಂದಿನ ಕಾಲವನ್ನು ಲೆಕ್ಕ ಹಾಕಿ ತೋರಿಸುತ್ತಿತ್ತು. ಅದನ್ನೇ ಈಗ ಒಳನಾಡಿನ ಕೆರೆಗೆ ಹೊಂದಿಸಿ ನೋಡಬೇಕಿತ್ತು. ಹೊಂಗೆಕೆರೆಗೆ ಅವರನ್ನು ಕರೆಸಿದವನು ಆದಿನಾರಾಯಣಪ್ಪ. ಕೆರೆಯ ಮೂಡಣ ದಡದ ಹೊಲವೆಲ್ಲ ಅವನದು. ಈಗ ಹೊಲ ಹೋಗಿ ಲೇಔಟ್ ಆಗಿತ್ತು. ಕೆರೆ ಸಂರಕ್ಷಣಾ ಸಮಿತಿಗೂ ಅವನೇ ಅಧ್ಯಕ್ಷ.

ಮೇಘನ ವಾರಕ್ಕೊಮ್ಮೆ ಬಂದು ಜಗಲಿಯ ಮೇಲೆ ಕುಳಿತು ಕೇಳುತ್ತಿದ್ದಳು.

"ಈ ವಾರ ಎಷ್ಟು ಮೀನು ಹಿಡಿದ್ರಿ ಅಂಕಲ್?"

"ಏನೂ ಇಲ್ಲ ತಾಯಿ."

"ಒಂದು ಸಲಾನೂ ಇಳೀಲಿಲ್ವಾ? ಯಾಕೆ?"

ಪಿಳ್ಳಪ್ಪ ನೆಲ ನೋಡಿದ. ನಾಲಗೆಯ ತುದಿಗೆ ಹೆಸರು ಬಂತು. ನುಂಗಿದ.

"ಹೋಗ್ಲಿ. ಬೇರೆ ಏನಾದ್ರೂ ಕೆಲಸ ಮಾಡ್ತಿದೀರಾ?"

"ದೊಡ್ಡಬಳ್ಳಾಪುರದಾಗೆ ಮೂಟೆ ಹೊರ್ತೀನಿ."

"ಓ, ಒಳ್ಳೇದು," ಎಂದು ಅವಳು ಕೈಯಲ್ಲಿದ್ದ ಹಲಗೆಯಂಥ ಯಂತ್ರದಲ್ಲಿ ಬೆರಳಾಡಿಸಿದಳು.

ಪಕ್ಕದ ಜಗಲಿಯಿಂದ ನರಸಮ್ಮ ಕೂಗಿದಳು: "ಏನವ್ವಾ, ಇನ್ನೊಬ್ರ ಮನೇಲಿ ಒಲೆ ಉರೀತೈತಾ ಇಲ್ವಾ ಅಂತ ಬಗ್ಗಿ ನೋಡೋದೂ ಒಂದು ಓದಾ? ಅದಕ್ಕೂ ಸಂಬಳ ಕೊಡ್ತಾರಾ?"

ಹುಡುಗಿ ನಕ್ಕಳು. ಕೆಟ್ಟವಳಲ್ಲ. ಕೇಳಿದ್ದಕ್ಕೆ ಬಂದ ಉತ್ತರವನ್ನು ತುಂಬಿಕೊಂಡು ಹೋಗುವುದು ಅವಳ ಕೆಲಸ. ಉತ್ತರ ಬರದೆ ಉಳಿದದ್ದನ್ನು ಹಾಕಲು ಆ ಯಂತ್ರದಲ್ಲಿ ಜಾಗವಿರಲಿಲ್ಲ.

ಮುಂಗಾರು ಚೆನ್ನಾಗಿ ಬಂತು. ಬಲೆ ಬೀಳದ ಕೆರೆಯಲ್ಲಿ ಗೆಂಡೆ ಮೀನುಗಳು ಕೊಬ್ಬಿದವು. ಸಂಜೆ ಅವು ಮೇಲೆದ್ದು ಬೀಳುವ ಸದ್ದು ಪಿಳ್ಳಪ್ಪನ ಮನೆಯವರೆಗೂ ಕೇಳುತ್ತಿತ್ತು. ಹಿಂದಿನ ವರ್ಷ ಕಾಣದಿದ್ದ ಹೆಜ್ಜಾರ್ಲೆ ಹಕ್ಕಿಗಳು ಗುಂಪಾಗಿ ಬಂದಿಳಿದವು. ಲೇಔಟಿನ ಮನೆಗಳವರು ಬೆಳಗಿನ ವಾಕಿಂಗಿಗೆ ಏರಿಯ ಮೇಲೆ ಬಂದು ಅವುಗಳ ಫೋಟೋ ತೆಗೆಯತೊಡಗಿದರು.

ಗೌರಿಹಬ್ಬ ಕಳೆದ ಮೇಲೆ ಪಂಚಾಯಿತಿಯ ಸಭಾಂಗಣದಲ್ಲಿ ಸಭೆ ಸೇರಿತು. ಗೋಡೆಗೆ ಬಿಳಿಯ ಪರದೆ ಕಟ್ಟಿದ್ದರು. ಮುಂದಿನ ಕುರ್ಚಿಗಳಲ್ಲಿ ಆದಿನಾರಾಯಣಪ್ಪ, ಪಂಚಾಯಿತಿಯ ಅಧಿಕಾರಿ, ಲೇಔಟಿನ ಕೆಲವರು. ಬಾಗಿಲ ಬಳಿ ನೆಲದ ಮೇಲೆ ನಾಲ್ಕು ಮನೆಯವರು. ನರಸಮ್ಮನ ಮಗ ಬೈರೇಶ್ ಮಾತ್ರ ಗೋಡೆಗೊರಗಿ ನಿಂತಿದ್ದ. ಕೆರೆ ಕಾಯುವ ಕೆಲಸ ಕೊಡಿಸುವುದಾಗಿ ಆದಿನಾರಾಯಣಪ್ಪ ಅವನಿಗೆ ಮಾತು ಕೊಟ್ಟಿದ್ದ.

ನಂದಕುಮಾರ್ ಪರದೆಯ ಮೇಲೆ ಎರಡು ಕೆರೆಗಳನ್ನು ತೋರಿಸಿದ. ಒಂದು ಕೆಂಪಗೆ ಬತ್ತುತ್ತ ಹೋಯಿತು. ಇನ್ನೊಂದು ನೀಲಿಯಾಗಿ ತುಂಬುತ್ತ ಬಂತು.

"ಕೆಂಪು, ಮೀನುಗಾರಿಕೆ ಮುಂದುವರಿದರೆ. ನೀಲಿ, ನಿಲ್ಲಿಸಿದರೆ. ಆಗ ಕೆರೆ ಜನರಿಗೆ ಮಾಡುವ ಸೇವೆಯೂ ಹೆಚ್ಚುತ್ತದೆ. ಸಾಮಾನ್ಯವಾಗಿ ಇದೆಲ್ಲ ಊಹೆಯ ಲೆಕ್ಕ. ಆದರೆ ನಿಮ್ಮೂರಲ್ಲಿ ನಮ್ಮ ಅದೃಷ್ಟಕ್ಕೆ ಕಣ್ಣೆದುರಿನ ಪುರಾವೆಯೇ ಸಿಕ್ಕಿತು. ಬೇಸಿಗೆಯಿಂದ ಇಲ್ಲಿಯ ಮೀನುಗಾರರು ತಾವಾಗಿಯೇ ಮೀನು ಹಿಡಿಯುವುದನ್ನು ನಿಲ್ಲಿಸಿದ್ದಾರೆ. ಬೇರೆ ದುಡಿಮೆಯನ್ನೂ ಹುಡುಕಿಕೊಂಡಿದ್ದಾರೆ. ಅವರಿಗೆ ನಮ್ಮ ಅಭಿನಂದನೆ."

ಲೇಔಟಿನವರು ಚಪ್ಪಾಳೆ ತಟ್ಟಿದರು.

ಆಮೇಲೆ ಒಂದು ಗೆರೆ ಕಾಣಿಸಿತು. ನೆಲಕ್ಕೆ ಅಂಟಿಕೊಂಡು ಬಂದು, ಒಂದು ಕಡೆ ಥಟ್ಟನೆ ತಲೆಯೆತ್ತಿ, ಮೇಲಕ್ಕೆ ಏರುತ್ತ ಹೋಗಿತ್ತು. ಅದು ಮೀನಿನ ಗೆರೆ. ತಲೆಯೆತ್ತಿದ ಜಾಗದಲ್ಲಿ ಬೆಳಕಿನ ಚುಕ್ಕಿ ಇಟ್ಟು ನಂದಕುಮಾರ್ ಹೇಳಿದ: "ಇಲ್ಲಿಂದ, ಯುಗಾದಿಯ ಆಸುಪಾಸಿನಿಂದ, ಬದಲಾವಣೆ ಶುರು."

ಪಿಳ್ಳಪ್ಪನಿಗೆ ಓದು ಬರುತ್ತಿರಲಿಲ್ಲ. ಯುಗಾದಿ ಎಂಬ ಮಾತು ಕೇಳಿಸಿತು. ಆ ಚುಕ್ಕಿಯನ್ನೇ ನೋಡಿದ. ಗೆರೆ ತಲೆಯೆತ್ತಿದ ಜಾಗದಲ್ಲಿ ಅವನ ಹೆಂಡತಿಯ ಮಣ್ಣಿತ್ತು.

ಅವನು ಎದ್ದು ನಿಂತ. ಸಭೆ ಅವನತ್ತ ತಿರುಗಿತು. ಅಮಾವಾಸ್ಯೆಗೆ ಇನ್ನೂ ದಿನಗಳಿದ್ದವು. ನಾಲ್ಕು ಮನೆಯ ಜೀವಗಳು ಅವನ ಬೆನ್ನ ಹಿಂದೆ ಕುಳಿತಿದ್ದವು. ಅವನು ಮತ್ತೆ ಕುಳಿತುಕೊಂಡ.

"ಏನಪ್ಪಾ ಪಿಳ್ಳಪ್ಪ, ಏನೋ ಹೇಳಾಕೆ ಎದ್ದೆ?" ಎಂದ ಆದಿನಾರಾಯಣಪ್ಪ, ಮೆತ್ತಗೆ.

ಅವನಿಗೆ ಎಲ್ಲವೂ ಗೊತ್ತಿತ್ತು. ಮುನಿಲಕ್ಷ್ಮಮ್ಮನ ಗುಂಡಿಗೆ ಹಿಡಿ ಮಣ್ಣು ಹಾಕಿ ಹೋದವನು ಅವನು. ಈ ಮನೆಗಳ ಕಟ್ಟು ಅವನು ಹುಟ್ಟಿದಂದಿನಿಂದ ಕಂಡದ್ದು. ಇವರು ಬಾಯಿ ಬಿಡಲಾರರು ಎಂಬುದೂ ಗೊತ್ತಿತ್ತು. ಅದನ್ನು ತಿಳಿದೇ ಸಭೆಯನ್ನು ಅಮಾವಾಸ್ಯೆಗೆ ಮೊದಲೇ ಇಟ್ಟಿದ್ದ. ಬೈರೇಶನೂ ಬಲ್ಲ. ಆ ಹುಡುಗನಿಗೆ ಇಂಥ ನಂಬಿಕೆಗಳಿರಲಿಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಮೊಬೈಲಿನ ಮೇಲೆ ಕಣ್ಣಿಟ್ಟು ನಿಂತ.

ಸಾವಿನ ವಿಷಯ ಬಿಟ್ಟು ಉಳಿದದ್ದನ್ನು ನರಸಮ್ಮ ಕೇಳಿದಳು.

"ಕೆರೇಲಿ ಹಿಡೀಬಾರ್ದು ಅಂದ್ರೆ ನಾವು ಎಲ್ಲಿ ಹಿಡೀಬೇಕು ಸ್ವಾಮಿ?"

"ನಮ್ಮ ಮಾಡೆಲ್ ಪ್ರಕಾರ, ಮುಚ್ಚಿದ ಜಾಗದ ಮೀನುಗಾರರು ಹೊರಗಿನ ಜಾಗಕ್ಕೆ ಹೋಗ್ತಾರೆ ತಾಯಿ."

"ಅದು ಸಮುದ್ರದಾಗೆ. ನಮ್ಮ ಕೆರೆಗೆ ಹೊರಗೆ ಅಂದ್ರೆ ಬಸ್‌ಸ್ಟಾಂಡು. ಅಲ್ಲಿ ಬಲೆ ಹಾಕಿದ್ರೆ ಕಂಡಕ್ಟ್ರು ಬೀಳ್ತಾನೆ."

ಹಿಂದೆ ಕುಳಿತವರು ನಕ್ಕರು. ನರಸಮ್ಮ ನಗಲಿಲ್ಲ.

"ಇನ್ನೊಂದು ಮಾತು. ಗಂಗಮ್ಮ ಸೇವೆ ಮಾಡ್ತಾಳೆ ಅಂದ್ರಲ್ಲ, ಯಾರಿಗೆ? ನಾವು ಅವ್ಳ ಸೇವೆ ಮಾಡ್ಕಂಡು ಬಂದೋರು. ಲೇಔಟಿನ ಚರಂಡಿ ನೀರು ಕೆರೆಗೆ ಬೀಳ್ತೈತಲ್ಲ, ಅದು ಯಾವ ಬಣ್ಣದಾಗೈತೆ ನಿಮ್ಮ ಪರದೆ ಮ್ಯಾಲೆ? ಕೆಂಪಾ, ನೀಲಿನಾ?"

"ಅದು ಈ ಅಧ್ಯಯನದ ವ್ಯಾಪ್ತಿಗೆ ಬರಲ್ಲ," ಎಂದ ನಂದಕುಮಾರ್.

ಅಧಿಕಾರಿ ಗಡಿಯಾರ ನೋಡಿದ. ಮೀನು ಹಿಡಿಯುವುದನ್ನು ನಿಲ್ಲಿಸಲು ಒಪ್ಪುವವರು ಕೈ ಎತ್ತಿ ಎಂದ. ಮುಂದಿನ ಕುರ್ಚಿಗಳ ಕೈಗಳು ಎದ್ದವು. ಅಂದಿನಿಂದ ಹೊಂಗೆಕೆರೆ ಸಂರಕ್ಷಿತ ಕೆರೆಯಾಯಿತು. ಪ್ರತಿವರ್ಷ ಈ ಮನೆಗಳಿಗೇ ಮೀನಿನ ಹಕ್ಕನ್ನು ಕೊಡುತ್ತಿದ್ದ ಪಂಚಾಯಿತಿ ಆ ಹಕ್ಕನ್ನು ಹಿಂದಕ್ಕೆ ಪಡೆಯಿತು. ವಾರ ಕಳೆಯುವುದರೊಳಗೆ ಏರಿಯ ಮೇಲೆ ತಂತಿಬೇಲಿ, ಬೋರ್ಡು, ಕಾಕಿ ಅಂಗಿ ತೊಟ್ಟ ಬೈರೇಶ್.

ಸಭೆಯ ಮರುದಿನ ಮೇಘನ ಒಬ್ಬಳೇ ಬಂದಳು. ಪಿಳ್ಳಪ್ಪ ಎದ್ದು ನಿಂತು ಕುಳಿತದ್ದು ಅವಳನ್ನು ಕಾಡಿತ್ತು. ಅದುವರೆಗೆ ಜಗಲಿಯಲ್ಲೇ ಕುಳಿತು ಹೋಗುತ್ತಿದ್ದವಳು ಅಂದು ನೀರು ಕೇಳಿ ಒಳಗೆ ಬಂದಳು. ಗೋಡೆಯ ಮೇಲೆ ಹೊಸ ಫೋಟೋ, ಬಾಡಿದ ಹಾರ, ಕೆಳಗೆ ಬರೆದ ದಿನಾಂಕ. ತೊಲೆಗೆ ಬಿಗಿದ ಬಲೆ. ಅವಳು ಒಂದನ್ನು ನೋಡಿದಳು, ಇನ್ನೊಂದನ್ನು ನೋಡಿದಳು. ಲೋಟ ಕೈಯಲ್ಲೇ ಉಳಿಯಿತು.

"ಇದಕ್ಕಾ ಅಂಕಲ್?"

ಪಿಳ್ಳಪ್ಪ ಫೋಟೋದ ಕಡೆ ತಿರುಗಿದ. ಕಣ್ಣು ತುಂಬಿಕೊಂಡಿತು.

ಅವಳು ಅಂಗಳಕ್ಕೆ ಹೋಗಿ ನಂದಕುಮಾರನಿಗೆ ಫೋನ್ ಮಾಡಿದಳು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಪಾಪ, ಬೇಜಾರಿನ ವಿಷಯ. ಆದ್ರೆ ಬಲೆ ಯಾಕೆ ಇಳೀಲಿಲ್ಲ ಅನ್ನೋದು ನಮ್ಮ ಪ್ರಶ್ನೆ ಅಲ್ಲ, ಮೇಘನ. ಇಳೀಲಿಲ್ಲ, ಮೀನು ಹೆಚ್ಚಿತು. ಅಷ್ಟು ನಿಜ ತಾನೆ?"

"ಸಾರ್, ಅವರು ನಿಲ್ಲಿಸಿಲ್ಲ. ಕಾಯ್ತಾ ಇದಾರೆ. ಬೇರೆ ದುಡಿಮೆ ಅಂತ ಬರೆದಿದೀವಲ್ಲ, ಅದು ಹೊಟ್ಟೆಗಿಲ್ಲದೆ ಮೂಟೆ ಹೊರೋದು."

"ಹೊತ್ತು ಬದುಕಿದಾರಲ್ಲ? ರಿಪೋರ್ಟ್ ಕೊಟ್ಟಾಗಿದೆ. ಇನ್ನು ವಾಪಸ್ ತಗೊಳೋಕಾಗಲ್ಲ."

ಅವಳು ತನ್ನ ಹೆಸರನ್ನು ವರದಿಯಿಂದ ತೆಗೆಸಿದಳೆಂದು ಆಮೇಲೆ ತಿಳಿಯಿತು. ವರದಿ ಇದ್ದ ಹಾಗೆಯೇ ಇತ್ತು.

ಅಮಾವಾಸ್ಯೆ ಹತ್ತಿರವಾದಂತೆ ಪಿಳ್ಳಪ್ಪನ ನಿದ್ದೆ ಹೋಯಿತು. ಬಲೆ ತೋಯದಿದ್ದರೆ ಎಡೆಯಿಲ್ಲ. ಎಡೆಯಿಲ್ಲದಿದ್ದರೆ ಅವಳು ಈಚೆ ದಡದಲ್ಲಿಯೇ ನಿಂತಿರಬೇಕು, ಹಸಿದುಕೊಂಡು. ನಾಚಿಕೆ ಬಿಟ್ಟು ಆದಿನಾರಾಯಣಪ್ಪನ ಮನೆಗೆ ಹೋದ.

"ಒಂದು ದಿನ ಬುಡಿ ಸ್ವಾಮಿ. ಅಮಾಸೆ ದಿನ. ಒಂದೇ ಒಂದು ಮೀನು."

"ಯಾಕಪ್ಪಾ?"

ಪಿಳ್ಳಪ್ಪ ಅವನ ಮುಖವನ್ನೇ ನೋಡಿದ. "ನಿಮಗೆ ಗೊತ್ತೈತೆ."

"ನನಗೇನು ಗೊತ್ತು? ನೀನು ಹೇಳಿದ್ರೆ ತಾನೆ." ಆದಿನಾರಾಯಣಪ್ಪ ನಕ್ಕ. "ಮೀನು ತಾನೆ ಬೇಕು? ಮಾರ್ಕೆಟ್ಟಾಗೆ ಐಸ್ ಹಾಕಿರೋ ಆಂಧ್ರದ ಮೀನು ಬರ್ತೈತೆ. ದೊಡ್ಡದೇ ಕೊಡಿಸ್ತೀನಿ. ಒಬ್ಬರಿಗೆ ಬುಟ್ರೆ ನಾಳೆ ಎಲ್ಲರಿಗೂ ಬುಡಬೇಕು. ಕಾನೂನು ಅಂತ ಒಂದು ಐತಲ್ಲ ಪಿಳ್ಳಪ್ಪ."

ಪಿಳ್ಳಪ್ಪ ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಬಂದ.

ಅಮಾವಾಸ್ಯೆಯ ಬೆಳಿಗ್ಗೆ, ಬಿಸಿಲು ಏರಿಯ ಮೇಲೆ ಬಿದ್ದಾಗ, ಅವನು ಸ್ನಾನ ಮಾಡಿ ಬಲೆಯನ್ನು ಕೆಳಗಿಳಿಸಿದ. ಹರಿಗೋಲನ್ನು ಬೆನ್ನಮೇಲೆ ಕವುಚಿಕೊಂಡು ಏರಿ ಹತ್ತಿದ. ದೂರದಿಂದ ನೋಡಿದವರಿಗೆ ದೊಡ್ಡದೊಂದು ಆಮೆ ಎದ್ದು ನಡೆದಂತೆ ಕಾಣುತ್ತಿತ್ತು. ಬೇಲಿಯ ಗೇಟಿನಲ್ಲಿ ಬೈರೇಶ್ ನಿಂತಿದ್ದ.

"ಚಿಕ್ಕಪ್ಪ, ಬ್ಯಾಡ. ನಿನ್ನ ಕಾಲು ಹಿಡ್ಕೊತೀನಿ."

"ಗೇಟು ತೆಗಿ ಮಗ."

"ಕೆಲ್ಸ ಹೋಗ್ತೈತೆ ಚಿಕ್ಕಪ್ಪ. ಬೈಕಿನ ಕಂತು ಐತೆ ನಂದು."

"ಹಂಗಾದ್ರೆ ಫೋನ್ ಮಾಡು. ನಿನ್ನ ಕೆಲ್ಸ ನೀನು ಮಾಡು, ನಾನೇನೂ ಅನ್ಕಳಲ್ಲ. ನಂದು ನಾನು ಮಾಡ್ತೀನಿ."

ಹುಡುಗ ಗೇಟು ತೆಗೆಯಲಿಲ್ಲ, ಅಡ್ಡವೂ ಬರಲಿಲ್ಲ. ಫೋನನ್ನು ಕೈಯಲ್ಲಿ ಹಿಡಿದು ಬೇರೆ ಕಡೆ ಮುಖ ಮಾಡಿದ. ಪಿಳ್ಳಪ್ಪ ಬೇಲಿಯ ತಂತಿಯನ್ನು ಕಾಲಲ್ಲಿ ಮೆಟ್ಟಿ, ಹರಿಗೋಲನ್ನು ಆಚೆಗೆ ಉರುಳಿಸಿ, ತಾನೂ ದಾಟಿದ.

ಹರಿಗೋಲು ಇಬ್ಬರ ಸವಾರಿ. ಹಿಂದೆಲ್ಲ ಮುನಿಲಕ್ಷ್ಮಮ್ಮ ಹುಟ್ಟು ಹಾಕುತ್ತಿದ್ದಳು, ಇವನು ಬಲೆ ಬೀಸುತ್ತಿದ್ದ. ಒಬ್ಬನೇ ನಿಂತರೆ ಅದು ನೆಟ್ಟಗೆ ಹೋಗುವುದಿಲ್ಲ, ಸುತ್ತುತ್ತದೆ. ಇವನು ಹುಟ್ಟು ಬಿಟ್ಟು ಬಲೆ ಎತ್ತಿದಾಗಲೆಲ್ಲ ಹರಿಗೋಲು ತಿರುಗಿ, ಬಲೆ ಮಡಿಕೆಯಾಗಿ ಬಿತ್ತು. ವಾಕಿಂಗಿನವರು ಏರಿಯ ಮೇಲೆ ನಿಂತು ಮೊಬೈಲು ಎತ್ತಿದರು. ಯಾರೋ ನಕ್ಕರು. ಯಾರೋ ಆದಿನಾರಾಯಣಪ್ಪನಿಗೆ ಫೋನ್ ಮಾಡಿದರು. ನಾಲ್ಕು ಮನೆಯವರು ಬೇಲಿಯ ಈಚೆ ನಿಂತಿದ್ದರು. ಸತ್ತವಳ ಗಂಡನಲ್ಲದೆ ಬೇರೆ ಯಾರೂ ಆ ದಿನ ಮೊದಲು ನೀರಿಗೆ ಇಳಿಯುವಂತಿರಲಿಲ್ಲ. ಆಕಾಶದಷ್ಟು ಅಗಲವಾದ ನೀರಿನ ನಡುವೆ ಅವನೊಬ್ಬ ಸುತ್ತುತ್ತಿದ್ದ.

ಕೊನೆಗೆ ಅವನು ಹುಟ್ಟನ್ನು ಒಳಗೆಸೆದು ಮಂಡಿಯೂರಿ ಕುಳಿತ. ಹರಿಗೋಲು ತನ್ನಷ್ಟಕ್ಕೆ ತಿರುಗಿ ತಿರುಗಿ ನಿಲ್ಲುವವರೆಗೂ ಕಾದ. ಕುಳಿತಲ್ಲಿಂದಲೇ ಬಲೆ ಬೀಸಿದ. ಅದು ಹೂವಿನಂತೆ ಬಿಚ್ಚಿ ಬಿತ್ತು. ಎಳೆದಾಗ ಭಾರವಿತ್ತು. ಕೊಬ್ಬಿದ ಗೆಂಡೆಗಳು ಮಿಂಚಿದವು. ಒಂದನ್ನು ಇಟ್ಟುಕೊಂಡು ಉಳಿದವನ್ನು ನೀರಿಗೆ ಬಿಟ್ಟ.

ದಡದಲ್ಲಿ ಕಾರು, ಜೀಪು, ಪೊಲೀಸಿನವರು. ಆದಿನಾರಾಯಣಪ್ಪ ಕೈಕಟ್ಟಿ ನಿಂತಿದ್ದ. ಪಿಳ್ಳಪ್ಪ ಮೊಣಕಾಲು ನೀರಿನಲ್ಲಿ ನಡೆದು ಬಂದು, ಬೇಲಿಯ ಮೇಲಿಂದ ಮೀನನ್ನು ನರಸಮ್ಮನ ಮಡಿಲಿಗೆ ಹಾಕಿದ. ಆಮೇಲೆ ಪೊಲೀಸಿನವರಿಗೆ ಬಲೆ ಕೊಟ್ಟ, ಹುಟ್ಟು ಕೊಟ್ಟ, ಬೇಡಿಗೆಂದು ಕೈಯನ್ನೂ ಚಾಚಿದ.

"ಮೀನು ತಗೋಳ್ರೀ, ಸಾಕ್ಷಿ ಬೇಕು," ಎಂದ ಆದಿನಾರಾಯಣಪ್ಪ.

ನರಸಮ್ಮ ಸೆರಗನ್ನು ಬಿಗಿಹಿಡಿದಳು. "ಸಾಕ್ಷಿನಾ? ಮಡಿಲಿಗೆ ಕೈ ಹಾಕು ಬಾ. ಬಾರಯ್ಯಾ, ನೀನೇ ಬಾ. ಇಷ್ಟು ಜನ ಫೋಟೋ ತೆಗೀತಾವ್ರೆ, ನಿಂದೂ ಒಂದು ಬರ್ಲಿ."

ಮೀನಿಗೆ ಕೈ ಚಾಚಿದ್ದ ಪೊಲೀಸಿನವನು ಹಿಂದೆ ಸರಿದ. ಅವಳು ಮನೆಯ ಕಡೆ ನಡೆದಳು. ಹಿಂದೆಯೇ ಉಳಿದ ಮನೆಗಳ ಹೆಂಗಸರು ಅವಳನ್ನು ಸುತ್ತುವರಿದು ನಡೆದರು.

ಠಾಣೆಯಲ್ಲಿ ಪಿಳ್ಳಪ್ಪನನ್ನು ಬೆಂಚಿನ ಮೇಲೆ ಕೂರಿಸಿದರು. ದೂರು ಬರೆದುಕೊಳ್ಳುವ ಪೇದೆ ಕೇಳಿದ: "ಎಷ್ಟು ಹಿಡಿದೆ? ಯಾಕೆ ಹಿಡಿದೆ?" ಪಿಳ್ಳಪ್ಪ ಬಾಗಿಲ ಕಡೆ ನೋಡುತ್ತ ಕುಳಿತ. ಗದರಿಸಿದರು. ಕುಳಿತೇ ಇದ್ದ. ನೆರಳು ಮೋಟಾಗಿ ಹೊಸ್ತಿಲಿಗೆ ಬಂತು. ಊರಿನಲ್ಲಿ ಎಲ್ಲರ ಮನೆಯಲ್ಲೂ ಎಲೆ ಹಾಕುವ ಹೊತ್ತು. ಅವಳಿಗೆ ಎಲೆ ಹಾಕುವಾಗ ಇವನು ಅಲ್ಲಿರಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ಬೈರೇಶ್ ಬಂದ. ಕಾಕಿ ಅಂಗಿ ಹಾಗೆಯೇ ಇತ್ತು, ಬೆವರಿನಲ್ಲಿ ತೊಯ್ದು.

"ಚಿಕ್ಕಪ್ಪ, ಎಡೆ ಆಯ್ತು. ಅವ್ವ ಹೇಳಿ ಕಳಿಸಿದ್ಲು. ಕಾಗೆ ಮುಟ್ತು."

ಪಿಳ್ಳಪ್ಪ ಉಸಿರು ಬಿಟ್ಟ. ಎಷ್ಟೋ ತಿಂಗಳು ಎದೆಯಲ್ಲಿ ಕಟ್ಟಿಟ್ಟದ್ದು ಅದು. ಪೇದೆಯ ಮೇಜಿನ ಮುಂದೆ ಹೋಗಿ ನಿಂತ.

"ಈಗ ಬರ್ಕೊಳಿ ಸ್ವಾಮಿ. ಮುನಿಲಕ್ಷ್ಮಮ್ಮ ನನ್ನ ಹೆಂಡ್ತಿ. ಯುಗಾದಿ ಆದ್ಮೇಲೆ ಸತ್ಲು. ಅದಕ್ಕೆ ಬಲೆ ಇಳೀಲಿಲ್ಲ. ನಾನು ಅಳ್ತಾ ಕೂತಿದ್ದೆ. ನಾನು ಅಳೋದನ್ನ ಇವ್ರು ಕೆರೆ ಕಾಪಾಡೋದು ಅಂತ ಬರ್ದವ್ರೆ. ನಾನು ಮೂಟೆ ಹೊತ್ತಿದ್ದನ್ನ ಸುಖವಾಗವ್ನೆ ಅಂತ ಬರ್ದವ್ರೆ. ಆದಿನಾರಾಯಣಪ್ಪನೋರು ಅವ್ಳ ಮಣ್ಣಿಗೆ ಬಂದಿದ್ರು, ಅದನ್ನೂ ಬರ್ಕೊಳಿ. ನಾನು ಕೆರೆ ಬಿಟ್ಟಿಲ್ಲ. ನಾಳೆ ಇಳೀತೀನಿ. ನಾಳಿದ್ದೂ ಇಳೀತೀನಿ."

"ಇದೆಲ್ಲ ಕೇಸಿಗೆ ಬೇಕಿಲ್ಲಯ್ಯ. ಮೀನು ಹಿಡಿದೆಯಾ ಇಲ್ವಾ, ಅಷ್ಟು ಹೇಳು."

"ಅಷ್ಟೇ ಕೇಳ್ಕಂಡು ಹೋಗಿದ್ದಕ್ಕೇ ಇಷ್ಟೆಲ್ಲಾ ಆಗಿದ್ದು. ಪೂರ್ತಿ ಬರ್ಕೊಳಿ."

ಬೈರೇಶ್ ಮುಂದೆ ಬಂದ. "ನಂದೂ ಹೆಸ್ರು ಹಾಕಿ ಸಾರ್."

"ನೀನು ಕಾವಲುಗಾರ ಅಲ್ವೇನೋ? ನಿಂದೇನು ತಪ್ಪು?"

"ಸಭೇಲಿ ಎಲ್ಲಾ ಗೊತ್ತಿದ್ದೂ ಸುಮ್ನೆ ನಿಂತಿದ್ದೆ ಸಾರ್."

ಪೇದೆ ಒಬ್ಬರ ಮುಖವಾದ ಮೇಲೆ ಇನ್ನೊಬ್ಬರ ಮುಖ ನೋಡಿದ. ಪೆನ್ನಿನ ಮುಚ್ಚಳ ತೆಗೆದ. ಬರೆಯಲಿಲ್ಲ. ಮುಚ್ಚಳ ಹಾಕಲೂ ಇಲ್ಲ. ಅವರಿಬ್ಬರೂ ಮೇಜಿನ ಮುಂದಿನಿಂದ ಕದಲಲಿಲ್ಲ.

ಇದನ್ನು ಕಿವಿಗೊಟ್ಟು ಕೇಳಿದ ಎಲ್ಲರ ಮನೆಯ ಕೊಡಗಳೂ ತುಂಬಿರಲಿ. ಅವರ ಹಿರಿಯರಿಗೆ ಎಡೆ ತಪ್ಪದಿರಲಿ. ಅವರ ಕಣ್ಣೀರನ್ನು ಪರರು ತಮ್ಮ ಲಾಭದ ಕಡೆಗೆ ಬರೆದುಕೊಳ್ಳದಿರಲಿ. ಒಂಟಿಯಾಗಿ ನೀರಿಗೆ ಇಳಿದವರನ್ನು ಗಂಗಮ್ಮ ದಡಕ್ಕೆ ತರಲಿ. ದಡದಲ್ಲಿ ನಿಂತವರಿಗೆ ಬಾಯಿ ಕೊಡಲಿ.